ಪ್ರಯಾಣದ ದಿನ

ಹತ್ತೊಂಬತ್ತು. ಮತ್ತೆ ಹತ್ತೊಂಬತ್ತೇ ಬಂತು.

ಚಾರ್ಟಕ್ಕ ಕನ್ನಡಕ ತೆಗೆದು ಒರೆಸಿಕೊಂಡು ಬೋರ್ಡನ್ನು ಮೊದಲಿಂದ ಎಣಿಸಿದಳು. ಮೇಲಿನ ಓದಿಗೆ ಬಂದ ಕಿರಿಯ ಡಾಕ್ಟರು ಈ ವರ್ಷ ಇರುವುದೇ ಹದಿನೆಂಟು ಜನ. ಒಬ್ಬೊಬ್ಬರಿಗೂ ಹೆಸರು ಬರೆದ ಒಂದೊಂದು ನೀಲಿ ಬಿಲ್ಲೆ, ಅದರ ಬೆನ್ನಿಗೆ ಆಯಸ್ಕಾಂತ. ದೊಡ್ಡಾಸ್ಪತ್ರೆಯ ಜೊತೆ ಒಪ್ಪಂದ ಮಾಡಿಕೊಂಡ ಆರು ಊರಿನ ಆರು ಆಸ್ಪತ್ರೆಗೆ ಯಾವ ತಿಂಗಳು ಯಾರು ಹೋಗಬೇಕು ಅಂತ ತಗಡಿನ ಬೋರ್ಡಿನ ಮೇಲೆ ಬಿಲ್ಲೆ ಸರಿಸಿ ಹೊಂದಿಸುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೇ ಮಾಡಿಕೊಂಡು ಬಂದಿದ್ದಾಳೆ. ಅವಳ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಚಲಾವಣೆಯಲ್ಲಿಲ್ಲ.

ಹತ್ತೊಂಬತ್ತನೆಯ ಬಿಲ್ಲೆ ಕೊನೆಯ ಸಾಲಿನಲ್ಲಿತ್ತು. ಡ್ಯಾಮ್ ಆಸ್ಪತ್ರೆಯ ಸಾಲು ಅದು. ಬಿಲ್ಲೆ ಉದ್ದಣ್ಣನದು. ಉದ್ದಣ್ಣ ಸತ್ತು ಹನ್ನೊಂದು ತಿಂಗಳಾಯಿತು.

ಹೋದ ತಿಂಗಳೇ ಅದನ್ನು ಕವರಿಗೆ ಹಾಕಿ ಕೆಳಗಿನ ಡ್ರಾಯರಿನಲ್ಲಿ ಇಟ್ಟಿದ್ದಳಲ್ಲ? ಇಟ್ಟಿದ್ದು ನೆನಪಿದೆ. ಅದಕ್ಕೆ ಮುಂಚಿನ ತಿಂಗಳು ಇಟ್ಟಿದ್ದೂ ನೆನಪಿದೆ. ಕಸ ಗುಡಿಸುವಾಕೆ ನೆಲದಲ್ಲಿ ಬಿದ್ದಿತ್ತು ಅಂತ ಎತ್ತಿ ಹಚ್ಚಿರಬಹುದು. ಇಲ್ಲ, ತನ್ನ ಕೈಯೇ ಅಭ್ಯಾಸಬಲದಿಂದ ಹಾಕಿರಬಹುದು. ಗುಡಿಸುವಾಕೆಯನ್ನು ಒಂದು ಮಾತು ಕೇಳಿದರೆ ಮುಗಿಯುತ್ತಿತ್ತು. ಕೇಳಲಿಲ್ಲ. "ನಾನಲ್ಲಕ್ಕ" ಅಂದುಬಿಟ್ಟರೆ ಆಮೇಲೆ ಈ ಕೋಣೆಯಲ್ಲಿ ಒಬ್ಬಳೇ ಕೂರುವುದು ಹೇಗೆ?

ಕೋಣೆಯೆಂದರೂ ಅದು ಮೆಟ್ಟಿಲ ಕೆಳಗಿನ ಸಂದು. ಬಾಗಿಲು ಎಷ್ಟು ತಗ್ಗು ಅಂದರೆ ಸಾಧಾರಣ ಎತ್ತರದವರೂ ಒಂದು ಸಲ ಮೇಲೆ ನೋಡಿ ಬರಬೇಕು. ಉದ್ದಣ್ಣನಂತೂ ಅರ್ಧಕ್ಕರ್ಧ ಮಡಿಸಿಕೊಂಡೇ ಬರುತ್ತಿದ್ದ. ಮೊದಲು ಬಗ್ಗಿದ ತಲೆ, ಆಮೇಲೆ ನಗು, ಆಮೇಲೆ ಮಾತು: "ಅಕ್ಕಾ, ಈ ಸಲ ನನ್ನ ಎಲ್ಲಿಗೆ ಒಗೆದ್ರಿ?" ಬೇರೆಯವರೆಲ್ಲ ಊರು ಬದಲಾಯಿಸಿಕೊಡಿ, ಹತ್ತಿರ ಹಾಕಿ ಅಂತ ಪ್ರಾಣ ಹಿಂಡುತ್ತಿದ್ದರು. ಇವನೊಬ್ಬ ಎಲ್ಲಿಗೆ ಒಗೆದರೆ ಅಲ್ಲಿಗೆ ಹೋಗುತ್ತಿದ್ದ. ಅದಕ್ಕೇ ಒಗೆದದ್ದು. ಇಲ್ಲ ಅನ್ನದವನ ಮೇಲೆಯೇ ತಾನೇ ಎಲ್ಲರೂ ಹೊರೆ ಹಾಕುವುದು?

ಫೋನು ಬಡಿದುಕೊಂಡಿತು. ವಿಭಾಗದ ಮುಖ್ಯಸ್ಥರು.

"ಮೂರು ಗಂಟೆಗೆ ತಪಾಸಣೆಯೋರು ಬರ್ತಾರೆ. ಹೋದ ವರ್ಷದ ಫೈಲು ಸರಿಯಾಗಿದೆ ತಾನೆ?"

"ಇದೆ ಸರ್."

"ಆ ಹುಡುಗನ ಹಾಳೆ?"

"ಅದೂ ಇದೆ ಸರ್."

ಫೋನಿಟ್ಟು ತಿರುಗಿದಳು. ಬಾಗಿಲಲ್ಲಿ ಒಂದು ತಲೆ ಅರ್ಧಕ್ಕರ್ಧ ಬಗ್ಗಿ ಒಳಗೆ ಬರುತ್ತಿತ್ತು.

ಕೈಯಲ್ಲಿದ್ದ ಪೆನ್ಸಿಲು ನೆಲಕ್ಕೆ ಬಿದ್ದು ಉರುಳಿಕೊಂಡು ಹೋಯಿತು.

ತಲೆಯಲ್ಲಿದ್ದದ್ದು ಬಿಳಿ ಕೂದಲು. ಒಳಗೆ ಬಂದು ನೆಟ್ಟಗೆ ನಿಂತಾಗ ಅರವತ್ತು ದಾಟಿದ ಮನುಷ್ಯ. ಅದೇ ಎತ್ತರ, ಅದೇ ಅಗಲ ಕಿವಿ. ಕೈಯಲ್ಲಿ ಒಂದು ಕವರು.

"ಗಾಬರಿ ಮಾಡಿದೆನೇನಮ್ಮ? ನಾನು ಉದ್ದಣ್ಣನ ಅಪ್ಪ. ಆಸ್ಪತ್ರೇಲಿ ತನ್ನನ್ನ ಎಲ್ರೂ ಉದ್ದಣ್ಣ ಅಂತಾರೆ ಅಂತ ಮನೇಲಿ ಹೇಳ್ತಿದ್ದ. ಚಾರ್ಟಕ್ಕ ಅಂದ್ರೆ ನೀವೇನಾ?"

"ಹೌದು. ಬನ್ನಿ ಅಣ್ಣ, ಕೂತ್ಕೊಳ್ಳಿ. ನೀರು ಕೊಡ್ಲಾ?"

"ಬೇಡಮ್ಮ. ಒಂದು ಕಾಗದ ಬಂದಿದೆ. ಏನು ಅಂತ ತಿಳೀಲಿಲ್ಲ. ಕೇಳ್ಕೊಂಡು ಹೋಗೋಣ ಅಂತ ಬಂದೆ."

ಕುರ್ಚಿಯ ತುದಿಯಲ್ಲಿ ಕೂತು ಕವರಿನಿಂದ ಹಾಳೆ ತೆಗೆದು ಮೇಜಿನ ಮೇಲೆ ಬಿಡಿಸಿದರು. ಡ್ಯಾಮ್ ಆಸ್ಪತ್ರೆಯ ಮೌಲ್ಯಮಾಪನ ಪತ್ರ. ತರಬೇತಿಗೆ ಬಂದ ಡಾಕ್ಟರಿಗೆ ಅಲ್ಲಿನ ಹಿರಿಯರು ಕೊಡುವ ಅಂಕ. ಒಂದು ಪ್ರತಿ ಇಲ್ಲಿಗೆ, ಒಂದು ಅಭ್ಯರ್ಥಿಯ ಮನೆಗೆ. ಡ್ಯಾಮ್ ಆಸ್ಪತ್ರೆಯವರಿಗೆ ಇದನ್ನು ತಿಂಗಳು ತಿಂಗಳು ಬರೆದು ರೂಢಿಯಿಲ್ಲ. ತಪಾಸಣೆ ಹತ್ತಿರ ಬಂದಾಗ ಗುಮಾಸ್ತ ವರ್ಷದ ಪಟ್ಟಿ ಎದುರಿಗಿಟ್ಟುಕೊಂಡು ಒಂದೇ ಕಂತಿಗೆ ಎಲ್ಲರದ್ದೂ ತುಂಬುತ್ತಾನೆ, ಹಿರಿಯ ಡಾಕ್ಟರು ಮುಖ ಎತ್ತದೆ ಸಹಿ ಹಾಕುತ್ತಾರೆ. ಪಟ್ಟಿಯಲ್ಲಿ ಹೆಸರಿದ್ದರೆ ಸರಿ, ಮನುಷ್ಯ ಬಂದನೋ ಬಿಟ್ಟನೋ ಯಾರು ನೋಡಿದರು?

ಹಾಜರಾತಿ: ಪೂರ್ಣ. ಸಮಯಪಾಲನೆ: ಉತ್ತಮ. ರೋಗಿಗಳೊಡನೆ ನಡತೆ: ತೃಪ್ತಿಕರ.

"ಇದನ್ನ ಓದಿ ಅವರಮ್ಮ ಎರಡು ದಿನ ಊಟ ಮಾಡ್ಲಿಲ್ಲ. ನೋಡ್ರೀ, ಅಲ್ಲಿ ಚೆನ್ನಾಗಿದಾನಂತೆ ಅಂತಾಳೆ. ತಿಂಗಳು ಪೂರ್ತಿ ಹೋಗಿದಾನಂತೆ ಅಂತಾಳೆ. ನಾನೇನು ಹೇಳಲಿ?"

"ತಪ್ಪಾಗಿ ಬಂದಿದೆ ಅಣ್ಣ. ಅವರು ಪಟ್ಟಿ ನೋಡ್ಕೊಂಡು…"

"ಅದು ನಂಗೂ ಗೊತ್ತಾಯ್ತಮ್ಮ. ಅದಕ್ಕೆ ಬಂದಿಲ್ಲ." ಬೆರಳು ಹಾಳೆಯ ಮೇಲಿನ ಸಾಲಿಗೆ ಹೋಯಿತು. "ಇಲ್ಲಿ ತಾರೀಕಿದೆ ನೋಡಿ. ಅಲ್ಲಿ ಕೆಲಸಕ್ಕೆ ಸೇರಬೇಕಾದ್ದು ಒಂದನೇ ತಾರೀಕು, ಬೆಳಿಗ್ಗೆ ಎಂಟು ಅಂತ. ಆದ್ರೆ ನೀವು ಆಗ ಮನೆಗೆ ಬರೆದ ಕಾಗದದಲ್ಲಿ ಎರಡನೇ ತಾರೀಕು ಅಂತಿದೆ. ಒಂದನೇ ತಾರೀಕು ಅವನಿಗೆ ಪ್ರಯಾಣದ ರಜೆ, ಕೆಲಸದ ಮೇಲೆ ಇರಲಿಲ್ಲ ಅಂತಿದೆ." ಜೇಬಿನಿಂದ ಇನ್ನೊಂದು ಹಾಳೆ ತೆಗೆದರು. ಮಡಿಕೆ ಮಡಿಕೆಯಲ್ಲೂ ಹರಿಯಲು ಬಂದಿದ್ದ ಹಾಳೆ. ಅವಳೇ ಟೈಪು ಮಾಡಿದ್ದು. "ಇವೆರಡರಲ್ಲಿ ಯಾವುದು ಸರಿ? ಅಷ್ಟೇ ಕೇಳೋಕೆ ಬಂದೆ."

ಅವಳು ಎರಡೂ ಹಾಳೆಯನ್ನು ತನ್ನತ್ತ ಎಳೆದುಕೊಂಡಳು.

"ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿದೀನಮ್ಮ. ಅವನಿಗೆ ಬೈಕು ಕಲಿಸಿದ್ದೂ ನಾನೇ. ಒಂದೇ ಪಾಠ ಹೇಳಿದ್ದು. ನಿದ್ದೆ ಬಂದ್ರೆ ಬದಿಗೆ ನಿಲ್ಲಿಸು, ಯಾರು ಬೈದ್ರೂ ಬೈಯಲಿ. ನಿಂತಿದ್ದ ಲಾರಿಗೆ ಹಿಂದಿನಿಂದ ಹೋಗಿ ಹೊಡೆದಿದಾನೆ. ಬ್ರೇಕು ಹಾಕಿದ ಗುರುತೇ ರಸ್ತೇಲಿ ಇರಲಿಲ್ಲ. ನಾನೇ ಹೋಗಿ ನೋಡಿದೆ. ನಿದ್ದೆಯಮ್ಮ ಅದು, ಡ್ರೈವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ." ಧ್ವನಿ ಗಟ್ಟಿಯಾಯಿತು. "ಇಡೀ ದಿನ ರಜಾ ಇಟ್ಕೊಂಡು, ಮಲಗಿ ಎದ್ದು ಹೋಗೋದು ಬಿಟ್ಟು, ಬೆಳಗಾಗೋ ಮುಂಚೆ ಎದ್ದು ಓಡಿದ್ದು ಯಾಕೆ? ಯಾವ ಶೋಕಿಗೆ? ಹನ್ನೊಂದು ತಿಂಗಳಿಂದ ಅವನನ್ನ ಬೈಕೊಂಡೇ ಇದೀನಿ. ಅವರಮ್ಮ ಫೋಟೋ ಗೋಡೆಗೆ ಹಾಕ್ತೀನಿ ಅಂದ್ರೆ ಬೇಡ ಅಂದೆ. ಆ ಮುಖ ನೋಡಿದ್ರೆ ಕೋಪ ಬರುತ್ತಮ್ಮ ನಂಗೆ. ಸತ್ತ ಮಗನ ಮೇಲೆ ಕೋಪ. ಹೀಗೂ ಉಂಟೇ?"

ಫೋನು ಮತ್ತೆ ಬಡಿದುಕೊಂಡಿತು. ಮುಖ್ಯಸ್ಥರಿಗೆ ಯಾರೋ ಆಗಲೇ ಸುದ್ದಿ ಮುಟ್ಟಿಸಿದ್ದರು.

"ಆ ಹುಡುಗನ ತಂದೆ ಬಂದಿದಾರಂತಲ್ಲ. ಏನಂತೆ?"

"ತಾರೀಕಿನ ವಿಷಯ ಸರ್."

"ಡ್ಯಾಮಿನೋರದ್ದು ಗುಮಾಸ್ತರ ತಪ್ಪು ಅಂತ ಹೇಳಿ ಕಳಿಸಿಬಿಡಿ. ಇವತ್ತೇ ಬರಬೇಕಿತ್ತಾ? ಮರ್ಯಾದೆಯಿಂದ ಹೇಳಿ ಕಳಿಸಿ."

"ಸರಿ ಸರ್."

ಗುಮಾಸ್ತರ ತಪ್ಪು. ಸುಳ್ಳೇನಲ್ಲ ಅಂತ ಚಾರ್ಟಕ್ಕನಿಗೆ ಅನಿಸಿತು. ಗುಮಾಸ್ತೆ ಯಾರು ಅನ್ನೋದಷ್ಟೇ ಪ್ರಶ್ನೆ.

ಅವಳು ಬರೆಯುವುದು ಎರಡು ಹಾಳೆ. ಒಂದು ತಿಂಗಳಿಗೊಮ್ಮೆ ಯಾರು ಯಾವ ಊರಿಗೆ ಅನ್ನುವ ಪಟ್ಟಿ. ಇನ್ನೊಂದು ದೊಡ್ಡಾಸ್ಪತ್ರೆಯ ರಾತ್ರಿ ಡ್ಯೂಟಿಯ ಪಟ್ಟಿ. ಊರು ಬದಲಾಗುವ ತಿಂಗಳು ಒಂದನೇ ತಾರೀಕಿನ ಚೌಕದಲ್ಲಿ "ಪ್ರಯಾಣ" ಅಂತ ಬರೆಯುವುದು ನಿಯಮ. ಆ ತಿಂಗಳು ಡ್ಯಾಮಿನಿಂದ ಫೋನು ಬಂತು: ನಮ್ಮ ಡಾಕ್ಟರು ರಜೆ, ಒಂದನೇ ತಾರೀಕು ಬೆಳಿಗ್ಗೆ ಎಂಟಕ್ಕೆ ಒಬ್ಬರು ಬೇಕೇ ಬೇಕು. ಯಾರು ಇಲ್ಲ ಅನ್ನುವುದಿಲ್ಲ? ಉದ್ದಣ್ಣ. "ಪ್ರಯಾಣ" ಅಳಿಸಿ ಅವನ ಹೆಸರಿನ ಮುಂದೆ ಎಂಟು ಅಂತ ಬರೆದಳು. ಮೂರು ದಿನದ ಮೇಲೆ ಇನ್ನೊಬ್ಬಳು ಡಾಕ್ಟರು ಬಂದು ತಂಗಿಯ ಮದುವೆ ಅಂತ ಅತ್ತಳು, ಮೂವತ್ತೊಂದರ ರಾತ್ರಿ ಬೇರೆ ಯಾರನ್ನಾದರೂ ಹಾಕಿ ಅಂದಳು. ಯಾರು ಇಲ್ಲ ಅನ್ನುವುದಿಲ್ಲ? ಎರಡನೇ ಹಾಳೆಯಲ್ಲೂ ಅವನನ್ನೇ ಬರೆದಳು. ಅವನೂ ಬಾಗಿಲಲ್ಲಿ ತಲೆ ಬಗ್ಗಿಸಿ, "ಅಕ್ಕಾ, ಎರಡು ಕಡೆನೂ ನಾನೇನಾ?" ಅಂದ. ಅವಳು ಫೋನಿನಲ್ಲಿದ್ದಳು. ಆಮೇಲೆ ಬಾ ಅಂತ ಕೈ ಬೀಸಿದಳು. ಅವನು ನಕ್ಕು ಹೋದ.

ಅವನು ಸತ್ತ ಮೇಲೆ ಮುಖ್ಯಸ್ಥರು ಅಂದರು, ಆದದ್ದು ಆಯಿತು, ಫೈಲಿನಲ್ಲಿ ಪ್ರಯಾಣದ ದಿನ ಇರಲಿ. ಹೊಸ ಹಾಳೆ ಟೈಪು ಮಾಡಿ ಫೈಲಿಗೆ ಹಾಕಿದಳು, ಮನೆಗೂ ಹಾಗೇ ಬರೆದಳು. ಡ್ಯಾಮಿಗೆ ಆಗಲೇ ಹೋಗಿದ್ದ ಹಳೆಯ ಪಟ್ಟಿ ಯಾರಿಗೂ ನೆನಪಾಗಲಿಲ್ಲ.

ಎದುರಿಗೆ ಕೂತವರು ಕಾಯುತ್ತಿದ್ದರು. ಅವಸರವಿಲ್ಲ. ಸ್ಟಾಪಿನಲ್ಲಿ ಜನ ಹತ್ತಿ ಮುಗಿಯುವ ತನಕ ಕಾದು ಗೊತ್ತಿರುವ ಮನುಷ್ಯ.

ಚಾರ್ಟಕ್ಕ ಎದ್ದಳು. ಕೆಳಗಿನ ಡ್ರಾಯರಿಗೆ ಹಾಸಿದ್ದ ಹಳೆಯ ಕ್ಯಾಲೆಂಡರು ಎತ್ತಿ, ಅದರಡಿಯಿಂದ ಪೆನ್ಸಿಲಿನಲ್ಲಿ ಬರೆದ ಎರಡು ಚೌಕುಳಿ ಹಾಳೆ ತೆಗೆದು ಮೇಜಿನ ಮೇಲೆ ಇಟ್ಟಳು. ಅವೆರಡನ್ನು ಪಕ್ಕಪಕ್ಕದಲ್ಲಿ ಇಟ್ಟದ್ದು ಅದೇ ಮೊದಲು.

"ಇದು ಸರಿ ಅಣ್ಣ. ನಾನು ಟೈಪು ಮಾಡಿ ಕಳಿಸಿದ್ದು ಸುಳ್ಳು."

ಅವರು ಬೆರಳಿಟ್ಟು ಓದಿದರು. ಎಡಗಡೆ ಹಾಳೆ: ಮೂವತ್ತೊಂದು, ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟು. ಬಲಗಡೆ ಹಾಳೆ: ಒಂದು, ಬೆಳಿಗ್ಗೆ ಎಂಟು, ಡ್ಯಾಮ್. ಅಲ್ಲಿ ಅಳಿಸಿದ "ಪ್ರಯಾಣ" ಇನ್ನೂ ತೆಳ್ಳಗೆ ಕಾಣುತ್ತಿತ್ತು.

"ಎಷ್ಟು ಕಿಲೋಮೀಟರು?"

"ನೂರಾ ಹತ್ತು."

"ಎಂಟಕ್ಕೆ ಬಿಟ್ಟು ಎಂಟಕ್ಕೇ ಸೇರಬೇಕಿತ್ತು," ಅಂದರು ಅವರು. ಒಂದು ಸಲ ಅಂದವರು ಮತ್ತೆ ಅಂದರು. "ಎಂಟಕ್ಕೆ ಬಿಟ್ಟು ಎಂಟಕ್ಕೇ. ಅಂಥ ರಸ್ತೆ ನಾನು ನೋಡಿಲ್ಲಮ್ಮ."

"ಜೊತೆಯವರಿಗೆ ವಾರ್ಡು ನೋಡ್ಕೊಳ್ಳಿ ಅಂತ ಹೇಳಿ ಐದೂವರೆಗೇ ಹೊರಟನಂತೆ. ರಾತ್ರಿಯಿಡೀ ಒಂದು ಗಳಿಗೆಯೂ ಕೂತಿರಲಿಲ್ಲವಂತೆ. ಸೀರಿಯಸ್ ಪೇಷಂಟು ಇದ್ರಂತೆ."

"ಹಾಗಾದ್ರೆ ನನ್ನ ಮಗ ಶೋಕಿಗೆ ಹೋಗಲಿಲ್ಲ."

"ಇಲ್ಲ ಅಣ್ಣ. ಕೆಲಸಕ್ಕೆ ಹೋದ."

ಅವರ ಮುಖ ಮುದುಡಿತು. ಅಷ್ಟೆತ್ತರದ ಮನುಷ್ಯ ಮೇಜಿನ ಅಂಚು ಹಿಡಿದುಕೊಂಡು ಸದ್ದಿಲ್ಲದೆ ಅತ್ತರು. "ಬೈದೆನಲ್ಲೋ, ಅಯ್ಯೋ, ಬೈದೆನಲ್ಲೋ ಕಂದಾ" ಅಂತ ಹಾಳೆಗೆ ಹೇಳಿದರು. ಚಾರ್ಟಕ್ಕನಿಗೂ ಅಳು ಒತ್ತರಿಸಿ ಬಂತು. ಆದರೆ ಇವರ ಎದುರಿಗೆ ಅಳುವ ಹಕ್ಕು ತನಗೆ ಎಲ್ಲಿಂದ ಬಂತು ಅಂತ ತುಟಿ ಕಚ್ಚಿ ಕೂತಳು.

"ಇದನ್ನ ಬರೆದವರು ಯಾರು?" ಕೊನೆಗೆ ಕೇಳಿದರು.

"ನಾನೇ. ಎರಡೂ ನಾನೇ ಬರೆದಿದ್ದು. ಪಕ್ಕಪಕ್ಕ ಇಟ್ಟು ನೋಡಲಿಲ್ಲ. ಅವನು ಬಂದು ಕೇಳಿದಾಗಲೂ ನೋಡಲಿಲ್ಲ."

ಅವರು ಕಣ್ಣೊರೆಸಿಕೊಂಡರು. "ನಮಗೆ ಒಂದು ಡ್ಯೂಟಿ ಮುಗಿದ್ರೆ ಎಂಟು ಗಂಟೆ ಸ್ಟೇರಿಂಗ್ ಮುಟ್ಟೋ ಹಾಗಿರಲಿಲ್ಲ. ಡಿಪೋದಲ್ಲಿ ನಿಮ್ಮ ಥರಾನೇ ಒಬ್ಬ ಇದ್ದ, ಚಾರ್ಟು ಬರೆಯೋನು. ಅವನ ಹೆಸರು ಹಿಡಿದು ಬೈಯದ ದಿನ ಇಲ್ಲ ನಾವು." ಎದ್ದು ನಿಂತರು. "ನಿಮ್ಮನ್ನೂ ಬೈಯೋದಿದೆಯಮ್ಮ. ಇವತ್ತಲ್ಲ. ಇವತ್ತು ಮೊದಲು ಮನೆಗೆ ಹೋಗಿ ಅವನ ಹತ್ರ ತಪ್ಪಾಯ್ತು ಅನ್ನಬೇಕು."

"ಬನ್ನಿ. ಯಾವತ್ತಾದ್ರೂ ಬನ್ನಿ. ಇಲ್ಲೇ ಇರ್ತೀನೋ ಇಲ್ವೋ ಗೊತ್ತಿಲ್ಲ, ಎಲ್ಲಿ ಸಿಗ್ತೀನಿ ಅಂತ ಇಲ್ಲಿ ಹೇಳಿ ಹೋಗಿರ್ತೀನಿ."

ಪೆನ್ಸಿಲಿನ ಎರಡೂ ಹಾಳೆಯನ್ನು ಮೂಲೆಯ ಯಂತ್ರದಲ್ಲಿಟ್ಟು ಪ್ರತಿ ತೆಗೆದಳು. ಮೂಲ ಅವರಿಗೆ ಕೊಟ್ಟಳು. ಅವರ ಕಣ್ಣು ಬೋರ್ಡಿನ ಮೇಲೆ ಓಡಾಡಿ ಕೊನೆಯ ಸಾಲಿನಲ್ಲಿ ನಿಂತಿತು.

"ಅವನ ಹೆಸರು ಇನ್ನೂ ಇದೆ."

"ತೆಗೀತೀನಿ ಅಣ್ಣ. ತೆಗೆದಷ್ಟು ಸಲ ಬಂದು ಕೂರುತ್ತೆ."

ಅವರಿಗೆ ಅದು ವಿಚಿತ್ರ ಅನಿಸಿದ ಹಾಗೆ ಕಾಣಲಿಲ್ಲ. "ನಾನು ತಗೊಂಡು ಹೋಗ್ಲಾ?" ಅಂದರು. ಅವಳು ಕಿತ್ತು ಕೊಟ್ಟಳು. ಬಿಲ್ಲೆಯನ್ನು ಅಂಗೈಯಲ್ಲಿ ಒಂದು ಸಲ ತೂಗಿದರು, ಟಿಕೆಟ್ಟಿನ ಚಿಲ್ಲರೆಯ ಹಾಗೆ ಮುಷ್ಟಿ ಮುಚ್ಚಿದರು, ಬಾಗಿಲಲ್ಲಿ ತಲೆ ಬಗ್ಗಿಸಿ ಹೊರಗೆ ಹೋದರು.

ಚಾರ್ಟಕ್ಕ ತಪಾಸಣೆಯ ಫೈಲು ತೆರೆದಳು. ತಾನು ಟೈಪು ಮಾಡಿದ್ದ ಹಾಳೆಯನ್ನು ತೆಗೆಯಲಿಲ್ಲ. ಅದರ ಮೇಲೆ ಎರಡು ಪ್ರತಿಗಳನ್ನು ಇಟ್ಟು, ಅಂಚಿನಲ್ಲಿ ಸಹಿ ಮಾಡಿ, ಸಂಬಳದ ಪಟ್ಟಿಯಲ್ಲಿರುವ ತನ್ನ ಪೂರ್ತಿ ಹೆಸರು ಬರೆದಳು. ಅಷ್ಟರಲ್ಲಿ ಫೋನು.

"ಹೇಳಿ ಕಳಿಸಿದ್ರಾ?"

"ಹೇಳಿ ಕಳಿಸಿದೆ ಸರ್."

"ಒಳ್ಳೇದಾಯ್ತು."

ಗಡಿಯಾರದಲ್ಲಿ ಹನ್ನೆರಡೂವರೆ. ಬರುವ ತಿಂಗಳ ಎರಡು ಹಾಳೆ ಅಂಚಿಗೆ ಅಂಚು ಸೇರಿಸಿ ಅಂಟಿನ ಪಟ್ಟಿ ಹಾಕಿ ಒಂದೇ ಮಾಡಿದಳು. ಒಂದನೇ ತಾರೀಕಿನ ಚೌಕಗಳಲ್ಲಿ ಪೆನ್ನು ಹಿಡಿದು, ಒತ್ತಿ, ಒಂದೊಂದಾಗಿ "ಪ್ರಯಾಣ" ಅಂತ ಬರೆದಳು. ಆಮೇಲೆ ಬೋರ್ಡಿನ ಮುಂದೆ ನಿಂತು ಎಣಿಸಿದಳು.

ಹದಿನೆಂಟು.

ಮೊದಲಿಂದ ಎಣಿಸಿದಳು. ಹದಿನೆಂಟೇ. ಅವಳು ತಿರುಗಿ, ಆ ತಗ್ಗು ಬಾಗಿಲನ್ನೇ ನೋಡುತ್ತಾ ನಿಂತಳು. ಹೊರಗೆ ಮೆಟ್ಟಿಲ ಮೇಲೆ ಜನ ಹತ್ತಿ ಇಳಿಯುತ್ತಿದ್ದರು. ಯಾರೂ ತಲೆ ಬಗ್ಗಿಸಲಿಲ್ಲ.