ಬಸ್ಸು ನಿಲ್ಲಿಸಿದ ಮೇಲೆ

ಪ್ರವಾಸಿ ಬಸ್ಸಿನ ಡ್ರೈವರಾಗಿ ನಿವೃತ್ತನಾದವನು ಸಮುದ್ರದೂರಿನ ಲಾಡ್ಜಿನ ಕನ್ನಡಿಯ ಮುಂದೆ ನಿಂತು ಬಾಚಿದ ತಲೆಯನ್ನೇ ಮತ್ತೆ ಮತ್ತೆ ಬಾಚುತ್ತಿದ್ದ. ಬಾಚಲು ಅಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಹೇಗಾದರೂ ಹೊತ್ತು ಕಳೆಯಬೇಕಿತ್ತು, ಅಷ್ಟೆ. ಹೆಂಡತಿ ಆಗಲೇ ಚಪ್ಪಲಿ ಮೆಟ್ಟಿ, ನೀರಿನ ಬಾಟಲಿ ಚೀಲಕ್ಕೆ ಹಾಕಿ, ಬಾಗಿಲಲ್ಲಿ ನಿಂತಿದ್ದಳು.

"ದೊಡ್ಡ ಬೀಚು ಬೇಡ್ರೀ, ಅದನ್ನ ಕ್ಯಾಲೆಂಡರಲ್ಲೇ ನೋಡಿದೀನಿ. ನೀವು ಹೇಳ್ತಿದ್ರಲ್ಲ, ಜನ ಹೋಗದೇ ಇರೋ ಜಾಗಗಳು, ಅವನ್ನ ತೋರಿಸಿ. ಗಂಟೆ ಬಂಡೆ, ಚಿಪ್ಪಿನ ಗೋಡೆ, ನಕ್ಷತ್ರದ ಕೊಳ."

ಡ್ರೈವರನ ಬಾಚಣಿಗೆ ತಲೆಯ ಮೇಲೆಯೇ ನಿಂತಿತು. ಈ ಊರಿಗೆ ಅವನು ಬಸ್ಸು ತಂದದ್ದಕ್ಕೆ ಲೆಕ್ಕವಿಲ್ಲ, ನಿಜ. ಆದರೆ ಬಸ್ಸು ನಿಲ್ಲಿಸುವ ಮೈದಾನದ ಗೇಟು ದಾಟಿ ಒಂದು ದಿನವೂ ಆಚೆ ಹೋದವನಲ್ಲ. ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡು ಬಂದವನಿಗೆ ಬೇಕಾದದ್ದು ನಿದ್ದೆ. ಪ್ರಯಾಣಿಕರು ಸಮುದ್ರದ ಕಡೆ ಹೋದರೆ ಅವನು ಮರದಡಿಗೆ ಹೋಗಿ ಟವೆಲು ಹಾಸುತ್ತಿದ್ದ. ವಾಪಸು ಬರುವಾಗ ಮುಂದಿನ ಸೀಟಿನವರು ಆಡಿಕೊಳ್ಳುತ್ತಿದ್ದ ಮಾತನ್ನೆಲ್ಲ ಕಿವಿಗೆ ಹಾಕಿಕೊಂಡು, ಮನೆಗೆ ಬಂದು ತಾನೇ ಕಂಡವನಂತೆ ಹೇಳುತ್ತಿದ್ದ.

ಮೊದಲ ಸಲ ಬೇಕೆಂದೇ ಸುಳ್ಳು ಹೇಳಿದ್ದಲ್ಲ. ಹಾಸಿಗೆ ಹಿಡಿದಿದ್ದ ಅವನ ತಾಯಿಯ ಬಟ್ಟೆ ಒಗೆಯುತ್ತಿದ್ದ ಹೆಂಡತಿ ಒದ್ದೆ ಕೈಯಲ್ಲೇ ಬಾಗಿಲು ತೆಗೆದು, "ಏನೇನು ನೋಡಿದ್ರಿ?" ಎಂದು ಆಸೆಯಿಂದ ಕೇಳಿದಾಗ "ಸ್ಟೇರಿಂಗು" ಎನ್ನಲು ಅವನಿಗೆ ನಾಲಿಗೆ ಏಳಲಿಲ್ಲ. ಅತ್ತೆಯ ಸೇವೆ, ಆಮೇಲೆ ಮಗಳ ಓದು, ಮದುವೆ, ಹೆರಿಗೆ ಎಂದು ಅವಳಿಗೆ ಹೊಸ್ತಿಲು ದಾಟುವ ಬಿಡುವೇ ಸಿಗಲಿಲ್ಲ. ಅವಳು ಕಂಡ ಸಮುದ್ರವೆಂದರೆ ಗಂಡನ ಬಾಯಿಂದ ಬಂದದ್ದು. ಅದೂ ಎರವಲಿನದು ಎಂದು ಗೊತ್ತಾದರೆ ಅವಳಿಗೆ ಉಳಿಯುವುದೇನು?

"ನಡಿ, ತೋರಿಸ್ತೀನಿ," ಎಂದ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಅದಕ್ಕಿಂತ ಹೆಚ್ಚು ಮಾತಾಡಲಿಲ್ಲ.

ಎಡಕ್ಕೆ ತಿರುಗಿದ, ಬಲಕ್ಕೆ ತಿರುಗಿದ, ಬಸ್ಸಿನ ಹಿಂದೆ ಬಸ್ಸಿದ್ದಂತೆ ಹೆಂಡತಿ ಹಿಂದೆಯೇ ಬಂದಳು. ಓಣಿ ಹೋಗಿ ಒಂದು ಹೋಟೆಲಿನ ಹಿತ್ತಲಲ್ಲಿ ಮುಗಿಯಿತು. ಒಗೆದ ಬಿಳಿ ಹಾಸುಬಟ್ಟೆಗಳು ಸಾಲಾಗಿ ಒಣಗುತ್ತಿದ್ದವು. ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡಿದ್ದ ಹೆಂಗಸೊಬ್ಬಳು ಇವರನ್ನು ಕಂಡು ಹುಬ್ಬೇರಿಸಿದಳು.

"ಇಲ್ಲೇ ಇತ್ತು ದಾರಿ. ಈಗ ಹೋಟೆಲು ಕಟ್ಟಿಬಿಟ್ಟಿದಾರೆ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ! ಆ ಹೋಟೆಲಿನ ಗೋಡೆಗೆ ಅವನಷ್ಟೇ ವಯಸ್ಸಾಗಿತ್ತು. ಹೆಂಡತಿ ಅತ್ತಿತ್ತ ನೋಡಿದಳು.

"ಅಲ್ರೀ, ದೀಪಸ್ತಂಭಕ್ಕೆ ಬೆನ್ನು ಮಾಡಿ ಹೋಗಿ, ದೋಣಿ ರಿಪೇರಿ ಶೆಡ್ಡಿನ ಪಕ್ಕ ಇಳೀಬೇಕು ಅಂತ ನೀವೇ ಹೇಳಿದ್ರಲ್ಲ? ಮಗಳಿಗೆ ಜ್ವರ ಬಂದಿದ್ದಾಗ, ಅವಳ ಕಾಲು ಒತ್ತುತ್ತಾ."

"ಹೇಳಿದ್ನಾ?"

"ನಿಮಗೆ ಮರೆವು. ಬನ್ನಿ."

ಈಗ ಅವಳು ಮುಂದೆ, ಅವನು ಹಿಂದೆ. ಶೆಡ್ಡು ಸಿಕ್ಕಿತು. ಬೋರಲು ಹಾಕಿದ ದೋಣಿಯ ಬಿರುಕಿಗೆ ಬಡಗಿಯೊಬ್ಬ ನೂಲು ತುರುಕುತ್ತಿದ್ದ. ಡಾಂಬರಿನ ವಾಸನೆ ಮೂಗಿಗೆ ಅಡರಿತು. ಅದರಾಚೆ ಇಳಿದರೆ ಬರೀ ಬಂಡೆಗಳು, ಒಂದು ನರಪಿಳ್ಳೆಯೂ ಇಲ್ಲ. ಡ್ರೈವರ್ ದೊಡ್ಡ ಯಜಮಾನನಂತೆ ಕಲ್ಲೊಂದನ್ನೆತ್ತಿ ಎದುರಿನ ಬಂಡೆಗೆ ಕುಟ್ಟಿದ. ಠಪ್ ಎಂದಿತು. ಇನ್ನೊಂದಕ್ಕೆ ಕುಟ್ಟಿದ, ಅದೂ ಠಪ್.

"ಗಾಳಿ ಜಾಸ್ತಿ ಇದೆ ಇವತ್ತು. ಅದಕ್ಕೇ..."

ಹೆಂಡತಿ ಬಿದ್ದು ಬಿದ್ದು ನಕ್ಕಳು. "ಮಲಗಿದ ಎಮ್ಮೆ ತರ ಇರೋ ಬಂಡೆ ಅಂದಿದ್ರಿ. ಅದನ್ನೂ ಬೆನ್ನಿಗಲ್ಲ, ಕೊಂಬಿಗೆ ಹೊಡೀಬೇಕು."

ನೋಡಿದರೆ ಎಮ್ಮೆ ಅಲ್ಲೇ ಮಲಗಿತ್ತು. ಅವಳು ಕಲ್ಲು ಕಸಿದುಕೊಂಡು ಕೊಂಬಿಗೆ ಹೊಡೆದಳು. ಠಣ್ ಎಂದ ಸದ್ದು ಅಲೆಯ ಸದ್ದನ್ನೂ ಮೀರಿ ಹೋಗಿ ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತು.

"ಅಯ್ಯೋ, ನಿಜವಾಗ್ಲೂ ಗಂಟೆ ಹೊಡೆದ ಹಾಗೇ ಕೇಳುತ್ತಲ್ಲೇ!" ಎಂದು ಡ್ರೈವರ್ ಕೂಗಿಯೇ ಬಿಟ್ಟ. ಆಮೇಲೆ ನಾಲಿಗೆ ಕಚ್ಚಿಕೊಂಡ.

ಅವಳು ಒಮ್ಮೆ ಅವನ ಮುಖ ನೋಡಿದಳು. ಕಲ್ಲನ್ನು ಅವನ ಕೈಗಿತ್ತಳು. ಮೊಮ್ಮಗುವಿದ್ದ ಆ ಗಂಡ ಹೆಂಡತಿ ಸರದಿಯ ಮೇಲೆ ಎಮ್ಮೆಯನ್ನು ಬಾರಿಸಿದ್ದನ್ನು ಯಾರಾದರೂ ಕಂಡಿದ್ದರೆ ಮೂಗಿನ ಮೇಲೆ ಬೆರಳಿಡುತ್ತಿದ್ದರು.

ಚಿಪ್ಪಿನ ಗೋಡೆಗೂ ಅವಳದೇ ಮುಂದಾಳತ್ವ. ಹಳೆಯ ಉಗ್ರಾಣವೊಂದರ ಹಿಂಬದಿ ಅದು. ಯಾವ ಕಾಲದಲ್ಲೋ ಒಬ್ಬ ಗಾರೆಯವನು ಹಸಿ ಗಾರೆಗೆ ಚಿಪ್ಪುಗಳನ್ನು ಒತ್ತಿ ಗೋಡೆಯುದ್ದಕ್ಕೂ ಒಂದು ಮೀನು ಮಾಡಿದ್ದ. ಅವಳು ಬಾಲದ ಹತ್ತಿರ ಬೆರಳಾಡಿಸಿ, ತಲೆಕೆಳಗಾಗಿದ್ದ ಒಂದೇ ಒಂದು ಚಿಪ್ಪನ್ನು ಹುಡುಕಿದಳು. "ಇದನ್ನೂ ಹೇಳಿದ್ರಿ," ಎಂದಳು. ಡ್ರೈವರ್ ಅದರ ಮೇಲೆ ಅಂಗೈ ಇಟ್ಟ. ಬಿಸಿಲಿಗೆ ಬೆಚ್ಚಗಿತ್ತು. ಅವನಿಗೆ ಹೇಳಲಾಗದಷ್ಟು ಸಂತೋಷವಾಯಿತು, ಅಷ್ಟೇ ನಾಚಿಕೆಯೂ ಆಯಿತು.

ಹಿಂದಿರುಗುವ ದಾರಿ ಬಸ್ಸು ನಿಲ್ಲಿಸುವ ಮೈದಾನದ ಮುಂದೆಯೇ ಹಾಯುತ್ತಿತ್ತು. ತಲೆ ತಗ್ಗಿಸಿ ಸರಸರ ದಾಟಬೇಕೆನ್ನುವಷ್ಟರಲ್ಲಿ ಗೇಟು ಕಾಯುವವನು ಕುರ್ಚಿಯಿಂದೆದ್ದ.

"ಏನ್ ಡ್ರೈವರಣ್ಣ, ಸಮುದ್ರದ ಕಡೆಯಿಂದ ಬರ್ತಿದೀರಿ! ಈ ಗೇಟು ದಾಟಿದ್ದು ಇವತ್ತೇ ಮೊದಲು ನೋಡಿ. ಅಕ್ಕಾ, ಇವರ ಗೊರಕೆಗೆ ಮರದ ಮೇಲೆ ಒಂದು ಕಾಗೆನೂ ಕೂರ್ತಿರಲಿಲ್ಲ!"

ಗುಟ್ಟು ರಟ್ಟಾಯಿತು. ಗೇಟಿನವನು ನಗುತ್ತಲೇ ಇದ್ದ. ಹೆಂಡತಿ ನಗಲಿಲ್ಲ.

"ಎಲ್ಲಿ ಮಲಗ್ತಿದ್ರಿ?" ಎಂದು ಕೇಳಿದಳು.

ಅವನು ಕೈ ತೋರಿಸಿದ. ಒಂದು ಮರ, ಅದರಡಿ ಸಿಮೆಂಟಿನ ಬೆಂಚು, ಪಕ್ಕದಲ್ಲಿ ತೊಟ್ಟಿಕ್ಕುವ ನಲ್ಲಿ. ಅವಳು ಹೋಗಿ ಬೆಂಚಿನ ಮೇಲೆ ಕೂತಳು. ಅಲ್ಲಿಂದ ಕಾಣುತ್ತಿದ್ದದ್ದು ಒಂದು ಕಾಂಪೌಂಡು ಮತ್ತು ಬಸ್ಸುಗಳ ಬೆನ್ನು. ಸಮುದ್ರದ ಸದ್ದು ಮಾತ್ರ ಕೇಳಿಸುತ್ತಿತ್ತು.

"ಇದೊಂದನ್ನ ನೀವು ಹೇಳೇ ಇಲ್ಲ."

"ಇದರಲ್ಲಿ ಹೇಳೋಕೆ ಏನಿತ್ತೇ?" ಅವನು ತೊಟ್ಟಿಕ್ಕುವ ನಲ್ಲಿಯನ್ನು ತಿರುಗಿಸಿದ. "ನಿನಗೆ ಮೋಸ ಮಾಡಿದೆ. ನಾನು ಏನೂ ನೋಡಿಲ್ಲ. ಎಲ್ಲಾ ಕಂಡೋರು ಆಡಿದ ಮಾತು."

ಅವಳ ಮುಖ ಸಪ್ಪಗಾಯಿತು. ಬೇಸರವಾಗಿತ್ತು, ಆಗದೆ ಇರುತ್ತದೆಯೇ? ಸೆರಗಿನ ಮರಳು ಕೊಡವಿದಳು. ಆಮೇಲೆ ನಿಧಾನವಾಗಿ ಹೇಳಿದಳು.

"ಬೆಳಗಿಂದ ನನಗೊಂದು ಕೊರಗಿತ್ತು ರೀ. ನನಗೆ ಎಲ್ಲಾ ಹೊಸದು, ಇವರಿಗೆ ಹಳಸಿದ್ದು, ನನಗೋಸ್ಕರ ಪಾಪ ಬಿಸಿಲಲ್ಲಿ ಸುತ್ತುತಿದಾರೆ ಅಂತ. ಬಂಡೆ ಹತ್ರ ನೀವು ಕೂಗಿದ್ರಲ್ಲ, ಆಗ ಆ ಕೊರಗು ಹೋಯ್ತು. ಅನುಮಾನ ಬಂತು, ಖುಷಿನೂ ಆಯ್ತು. ಮೊದಲನೇ ಸಲ ಇಬ್ಬರೂ ಒಟ್ಟಿಗೇ ನೋಡಿದ ಹಾಗಾಯ್ತಲ್ಲ."

ಡ್ರೈವರನಿಗೆ ಹೋದ ಜೀವ ಬಂದಂತಾಯಿತು.

"ನಾಳೆ ನಕ್ಷತ್ರದ ಕೊಳ," ಎಂದು ಅವಳು ಚೀಲವನ್ನು ತಲೆದಿಂಬು ಮಾಡಿಕೊಂಡು ಕಾಲು ಚಾಚಿದಳು. "ಸಮುದ್ರದ ನೀರು ಇಳಿದಾಗ ಹೋದ್ರೇನೇ ನಕ್ಷತ್ರಮೀನು ಕಾಣೋದು. ದಾರಿ ನನಗೆ ಗೊತ್ತು, ನೀವು ಹಿಂದೆ ಬನ್ನಿ. ಈಗ ಸ್ವಲ್ಪ ಮಲಗ್ತೀನಿ. ಹೊರಡೋವಾಗ ಎಬ್ಬಿಸಿ."

ಅವಳಿಗೆ ನಿದ್ದೆ ಹತ್ತಿತು. ಡ್ರೈವರ್ ಬೆಂಚಿನ ತುದಿಯಲ್ಲಿ ಕೂತು, ಅವಳ ಮುಖಕ್ಕೆ ಬೀಳುತ್ತಿದ್ದ ಬಿಸಿಲಿಗೆ ಹೆಗಲ ಮೇಲಿನ ಟವೆಲು ಅಡ್ಡ ಹಿಡಿದ. ಆ ಮರದಡಿ ಅವನು ಎಚ್ಚರವಾಗಿ ಕೂತದ್ದು ಅದೇ ಮೊದಲು.