ಫೌಸ್ತೋ ಅಳಿಸಿದ ಗುರುತು

“ಮುಫಾ!”

ಕ್ಲಬ್ಬಿನ ಕ್ಯಾಂಟೀನಿನಲ್ಲಿ ಊರೆಲ್ಲ ಕೂತಿರುವಾಗ ಮಾಂಸದಂಗಡಿಯ ಬರ್ನಾಬೆ ಸಿರೋನ ಮುಖಕ್ಕೇ ಆ ಮಾತು ಉಗುಳಿದ.

ಮುಫಾ ಎಂದರೆ ಶನಿ. ಕಾಲಿಟ್ಟಲ್ಲಿ ಕೆಡುಕು ತರುವವನು. ಆ ಊರಿನವರು ಅಪ್ಪನನ್ನು ಬೈದರೂ ಸಹಿಸಿಯಾರು, ಮುಫಾ ಎಂದರೆ ಸಹಿಸರು. ಹಾಗೆ ಅನ್ನಿಸಿಕೊಂಡವನ ಹೆಸರನ್ನು ಆಮೇಲೆ ಯಾರೂ ಬಾಯಲ್ಲಿ ಎತ್ತುವುದಿಲ್ಲ. ದೋಷ ತಗುಲೀತೆಂದು ಹೆಂಗಸರು ಎಡ ಎದೆ ಮುಟ್ಟಿಕೊಳ್ಳುತ್ತಾರೆ, ಗಂಡಸರು ಮೇಜಿನಡಿ ಕೈ ಹಾಕಿ ಇನ್ನೇನನ್ನೋ ಮುಟ್ಟಿಕೊಳ್ಳುತ್ತಾರೆ. ಅವತ್ತೂ ಮುಟ್ಟಿಕೊಂಡರು. ಮಾಟೆ ಎಲೆಯ ಕಷಾಯದ ಬುರುಡೆ ಕೈಯಿಂದ ಕೈಗೆ ಸುತ್ತುತ್ತ ಬಂದದ್ದು ಸಿರೋನನ್ನು ದಾಟಿ ಪಕ್ಕದವನಿಗೆ ಹೋಯಿತು.

“ನನ್ನ ತಮ್ಮ ಗೆಲ್ತಾನೆ, ಗ್ಯಾರಂಟಿ, ಕಣ್ಮುಚ್ಚಿ ಕಟ್ರಿ ಅಂದೆಯಲ್ಲೋ!” ಬರ್ನಾಬೆ ಬಿಡಲಿಲ್ಲ. “ಒಂದೇ ಮನೇಲಿ ಒಬ್ಬ ಮುಫಾ, ಒಬ್ಬ ಪೆದ್ದ. ನಿಮ್ಮಮ್ಮ ಯಾವ ಜನ್ಮದಲ್ಲಿ ಏನು ಪುಣ್ಯ ಮಾಡಿದ್ಲೋ!”

ಎಲ್ಲರೂ ನಕ್ಕರು. ನಿನ್ನೆವರೆಗೆ ಇದೇ ಜನ ಸಿರೋನಿಗೆ ಕುರ್ಚಿ ಎಳೆದು ಕೂರಿಸುತ್ತಿದ್ದರು.

ಪರಾನಾ ನದಿಯ ದಡದ ಆ ಊರಿನಲ್ಲಿ ಟೆನಿಸ್ ಅಂಗಳ ಕೆಂಪು ಇಟ್ಟಿಗೆ ಪುಡಿಯದು. ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ನದಿಗಾಳಿ ಬಂದರೆ ಪುಡಿ ಮೆಲ್ಲನೆ ಎದ್ದು ಮರಗಳನ್ನೂ ಒಣಹಾಕಿದ ಬಟ್ಟೆಯನ್ನೂ ಕಿತ್ತಳೆ ಮಾಡುತ್ತದೆ. ಪಂದ್ಯಾವಳಿ ಬಂತೆಂದರೆ ಸಿರೋ ಆ ಬಣ್ಣದಲ್ಲೇ ಕನಸು ಕಾಣುವವನು. ಕಂಡದ್ದನ್ನು ಕ್ಯಾಂಟೀನಿನಲ್ಲಿ ಕೂತು ಹೇಳುವನು. ಜನ ಬಾಯಿ ತೆರೆದು ಕೇಳುವರು, ಕೇಳುತ್ತಲೇ ಮೊಬೈಲಿನಲ್ಲಿ ಬೆಟ್ ಕಟ್ಟುವರು.

“ಚಿಲಿಯ ಎಡಗೈ ಹುಡುಗ ಇದ್ದಾನಲ್ಲ, ಅವನು ಚೆಂಡು ಹೊಡೆಯಲ್ಲ, ತೊಟ್ಟಿಲು ತೂಗ್ತಾನೆ. ಎದುರಿನವನಿಗೆ ಜೊಂಪು ಹತ್ತಿತೋ, ಕೆಟ್ಟ. ಬ್ರೆಜಿಲಿನ ಉದ್ದನೆಯವನ ಸರ್ವಿಸು ಅಟ್ಟದಿಂದ ಮೂಟೆ ಬಿದ್ದ ಹಾಗೆ. ಆದ್ರೆ ಅಂಗಳಕ್ಕೆ ನೀರು ಹೊಡೆದಿದ್ರೆ ಮೂಟೆ ಕೆಸರಿಗೆ ಬಿದ್ದ ಹಾಗೆ. ಉರುಗ್ವೆಯ ಮುದುಕ ಓಡೋದೇ ಇಲ್ಲ, ಚೆಂಡೇ ಅವನ ಮನೆ ಹುಡುಕ್ಕೊಂಡು ಬರುತ್ತೆ. ಇವರ ನಡುವೆ ನನ್ನ ತಮ್ಮ ಫೌಸ್ತೋ. ನಿನ್ನೆ ಕನಸಲ್ಲಿ ಅಂಗಳ ನದಿ ಮೇಲೆ ತೇಲ್ತಿತ್ತು. ಅವನೊಬ್ಬನೇ ಮುಳುಗಿರಲಿಲ್ಲ. ಬರ್ಕೊಳ್ಳಿ!”

ಊರು ಬರೆದುಕೊಂಡಿತು. ಫೌಸ್ತೋ ಸೆಮಿಫೈನಲ್‌ವರೆಗೆ ಬಂದೇ ಬಂದ. ಎದುರಿಗೆ ಉರುಗ್ವೆಯ ಮುದುಕ. ಇನ್ನೊಂದು ಅಂಕ ಬಂದರೆ ಪಂದ್ಯ ಫೌಸ್ತೋನದು. ಮುದುಕ ಹೊಡೆದ ಚೆಂಡು ಗೆರೆಯ ಹತ್ತಿರ ಬಿತ್ತು. “ಔಟ್!” ಎಂದ ಗೆರೆ ಕಾಯುವವನು. ಗ್ಯಾಲರಿ ಎದ್ದು ಕುಣಿಯಿತು.

ಇಟ್ಟಿಗೆ ಪುಡಿಯ ಮೇಲೆ ಚೆಂಡು ಬಿದ್ದಲ್ಲಿ ಗುರುತು ಉಳಿಯುತ್ತದೆ. ಫೌಸ್ತೋ ಆ ಗುರುತಿನ ಹತ್ತಿರ ಹೋಗಿ ಬಗ್ಗಿ ನೋಡಿದ. ಬಿಸಿಲು ಓರೆಯಾಗಿತ್ತು, ಪುಡಿ ಅವನ ಸುತ್ತ ಹೊಗೆಯ ಹಾಗೆ ನಿಂತಿತ್ತು. ಅವನು ನಿಧಾನವಾಗಿ ಶೂ ಎತ್ತಿ ಗುರುತನ್ನು ಒರೆಸಿ ಅಳಿಸಿದ. ಅಂಥ ಅಂಗಳದಲ್ಲಿ ಅದಕ್ಕೆ ಒಂದೇ ಅರ್ಥ: ಚೆಂಡು ಗೆರೆಗೆ ತಾಗಿದೆ, ಅಂಕ ನಿನ್ನದು. ಮುದುಕ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ. ಆಮೇಲೆ ಪಂದ್ಯವನ್ನೂ ಅವನೇ ಗೆದ್ದ.

ಬರ್ನಾಬೆಯ ಬೈಗುಳ ತಿಂದು ಸಿರೋ ಮನೆಗೆ ಬಂದಾಗ ಫೌಸ್ತೋ ರ್‍ಯಾಕೆಟ್ಟುಗಳನ್ನು ಬೀರುವಿನ ಮೇಲೆ ಒಗೆದಿದ್ದ. ಅವನ ಫೋನು ಮೇಜಿನ ಮೇಲೆ ಜೇನುಹುಳದಂತೆ ಗುಂಯ್‌ಗುಡುತ್ತಿತ್ತು. ‘ನಿನ್ನ ಕೈ ಮುರಿಯಲಿ.’ ‘ನಿಮ್ಮಮ್ಮ ಯಾವ ದಾರೀಲಿ ಓಡಾಡ್ತಾಳೆ ಗೊತ್ತು.’ ಬೆಟ್ ಸೋತವರು ಬರೆದದ್ದು.

“ಮುಂದಿನ ವಾರದ ಪಂದ್ಯಾವಳಿಗೆ ನಾನು ಹೋಗಲ್ಲ,” ಎಂದ ಫೌಸ್ತೋ. “ಇನ್ನು ಆಡೋದೇ ಇಲ್ಲ.” ಒಳಗೆ ಹೋಗಿ ಕದ ಹಾಕಿಕೊಂಡ.

ಅಡುಗೆಮನೆಯಲ್ಲಿ ತಾಯಿ ಓಫೇಲಿಯಾಳ ರಕ್ತದೊತ್ತಡ ನೋಡಲು ನೆರಿನಾ ಬಂದಿದ್ದಳು. ಪಕ್ಕದ ಮನೆಯವಳು, ಆಸ್ಪತ್ರೆಯ ನರ್ಸು. ಬೆಟ್ಟಿಂಗ್ ಬಿಡಲಾಗದವರನ್ನು ವಾರವಾರ ಕೂರಿಸಿಕೊಂಡು ಮಾತಾಡಿಸುವವಳು.

“ಅವನಿಗೇನು ಬಂದಿತ್ತು ದೊಡ್ಡ ರೋಗ?” ಸಿರೋ ಕುದಿಯುತ್ತಿದ್ದ. “ಔಟ್ ಅಂದಮೇಲೆ ಔಟು! ಇರ್ಲಿ, ಮುಂದಿನ ವಾರ ನಾನು ಸರಿಯಾಗಿ ಹೇಳಿದ್ರೆ ಹೋದ ಮಾನ ವಾಪಸ್ ಬರುತ್ತೆ. ನನಗೆ ಆಟ ಗೊತ್ತಕ್ಕಾ.”

“ಆಟ ಗೊತ್ತು ಕಣೋ. ನಿನ್ನ ತಮ್ಮನ ಪಾದ ಗೊತ್ತಿತ್ತಾ?”

“ಏನು?”

“ಒಂದೇ ಮಂಚದಲ್ಲಿ ಒದ್ದಾಡ್ಕೊಂಡು ಬೆಳೆದ್ರಿ. ಅವನ ಪಾದ ಆ ಗುರುತನ್ನ ಅಳಿಸುತ್ತೆ ಅಂತ ನಿನಗೇ ಗೊತ್ತಾಗ್ಲಿಲ್ಲ. ಇನ್ನು ಚಿಲಿಯವನ ಹೊಟ್ಟೆನೋವು, ಬ್ರೆಜಿಲಿನವನ ಮನೆಜಗಳ ನಿನಗೆ ಗೊತ್ತಾಗುತ್ತಾ?”

“ಮತ್ತೆ ಬೆಟ್ಟಿಂಗ್ ಕಂಪನಿಯವರಿಗೆ ಹೇಗೆ ಗೊತ್ತಾಗುತ್ತೆ?”

“ಅವರಿಗೆ ಗೊತ್ತಾಗ್ಬೇಕಾಗಿಲ್ಲ ಮಾರಾಯ! ಯಾರು ಗೆದ್ರೂ ತಮಗೆ ಉಳಿಯೋ ಹಾಗೆ ಮೊದಲೇ ದರ ಕಟ್ಟಿರ್ತಾರೆ. ಇವತ್ತು ಒಬ್ಬ ಗೆಲ್ಲಬಹುದು. ಕಟ್ತಾ ಕಟ್ತಾ ಹೋದ್ರೆ ಊರೇ ಸೋಲುತ್ತೆ. ಹೋದದ್ದನ್ನ ಹಿಡೀತೀನಿ ಅಂತ ಓಡಿದವನು ಇನ್ನೂ ಬೇಗ ಸೋಲ್ತಾನೆ. ಇದರಲ್ಲಿ ಶನಿಯೂ ಇಲ್ಲ, ಮುಫಾನೂ ಇಲ್ಲ.”

“ಕಟ್ಟಿದವರ ಹಣೆಬರಹ. ನಾನೇನು ಒಂದು ಕಾಸು ಕಟ್ಟಿದ್ನಾ? ಬರೀ ಹೇಳಿದೆ.”

“ನೀನು ಕನಸು ಹೇಳಿದ್ದಿದ್ರೆ ನಾನೂ ಬಂದು ಕೇಳ್ತಿದ್ದೆ. ನೀನು ಹೇಳಿದ್ದು ಗ್ಯಾರಂಟಿ.”

ಸಿರೋ ಉತ್ತರಕ್ಕೆ ಬಾಯಿ ತೆಗೆಯುವಷ್ಟರಲ್ಲಿ ಓಫೇಲಿಯಾ ತೋಳಿನ ಪಟ್ಟಿ ಬಿಚ್ಚಿಟ್ಟಳು.

“ನಾನೂ ಕಟ್ಟಿದ್ದೆ,” ಎಂದಳು.

“ಅಮ್ಮಾ!”

“ನೀನು ಹೇಳಿದೆಯಲ್ಲ. ಮಗನ ಮೇಲೆ ಪ್ರೀತಿಗೆ ಕಟ್ಟಿದೆ. ನಾನು ಮುಂದಿನ ಸಾಲಲ್ಲೇ ಕೂತಿದ್ದೆ ಕಣಪ್ಪ. ಚೆಂಡು ಗೆರೆ ಮೇಲೆ ಬಿದ್ದದ್ದು ನನಗೂ ಕಾಣಿಸ್ತು.” ಅವಳ ದನಿ ನಿದ್ದೆಯಲ್ಲಿ ಮಾತಾಡಿದಂತಿತ್ತು. “ಚಿಕ್ಕವನಿದ್ದಾಗ ಸುಳ್ಳಾಟ ಆಡ್ಬೇಡ ಅಂತ ಅವನ ಕಿವಿ ಹಿಂಡಿದವಳು ನಾನೇ. ಅವನು ಶೂ ಎತ್ತಿದಾಗ ನನ್ನ ಎದೆ ಉಬ್ಬಬೇಕಿತ್ತು. ನನ್ನ ಬಾಯಲ್ಲಿ ಬಂದದ್ದೇನು ಗೊತ್ತಾ? ‘ಹಾಳಾದವನೇ’ ಅಂತ. ಅವನು ತಿರುಗಿ ನೋಡಿದ. ಅವನಿಗೆ ಕೇಳಿಸ್ತು ಸಿರೋ.”

ಕಿಟಕಿಯಾಚೆ ನದಿ ಹೊರಳುತ್ತಿತ್ತು. ಸಿರೋನಿಗೆ ಕಣ್ಣು ತೆರೆದಿರುವಂತೆಯೇ ಅದೇ ಕನಸು ಕಂಡಿತು. ನೀರಿನ ಮೇಲೆ ತೇಲುವ ಕೆಂಪು ಅಂಗಳ, ನಡುವೆ ತಮ್ಮ ಒಬ್ಬನೇ. ಸುತ್ತ ಮುಳುಗುತ್ತಿದ್ದವರ ಮುಖ ಈಗ ಗುರುತು ಸಿಕ್ಕಿತು. ಬರ್ನಾಬೆ ಇದ್ದ, ಅಮ್ಮ ಇದ್ದಳು, ತಾನೂ ಇದ್ದ.

“ನಾನೀಗ ಏನು ಮಾಡ್ಲಿ ಅಕ್ಕಾ?”

“ಮಾಟೆ ಕುಡಿಯುವಾಗ ಸಾಕು ಅನ್ನಿಸಿದ್ರೆ ಏನಂತೀಯ?”

“ಗ್ರಾಸಿಯಾಸ್, ಧನ್ಯವಾದ ಅಂತೀನಿ.”

“ಅಂದಮೇಲೆ ಬುರುಡೆ ನಿನ್ನ ಹತ್ರ ಬರುತ್ತಾ? ಬರಲ್ಲ. ಇದಕ್ಕೂ ಹಾಗೇ ಅನ್ನು. ಒಂದೇ ಸಲ. ಬೆಟ್ಟಿಂಗ್ ಆಪ್ ಕಿತ್ತುಹಾಕು, ಬೆಟ್ ಕಟ್ಟುವವರ ಗುಂಪಿನಿಂದ ಹೊರಗೆ ಬಾ. ಓಫೇಲಿಯಾ, ನೀವೂ. ಕೈ ತುರಿಸಿದ್ರೆ ನಮ್ಮ ಬಾಗಿಲು ತಟ್ಟಿ. ಆ ಬೆದರಿಕೆ ಮಾತುಗಳನ್ನ ಅಳಿಸ್ಬೇಡಿ, ನಾಳೆ ಪೊಲೀಸರಿಗೆ ತೋರಿಸೋಣ. ಎಲ್ಲಾ ಗುರುತು ಅಳಿಸೋಕಲ್ಲ.”

ಓಫೇಲಿಯಾ ಎದ್ದು ಒಳಗಿನ ಕದದ ಮೇಲೆ ಹಣೆಯಿಟ್ಟಳು. “ಫೌಸ್ತೋ, ಮಗಾ, ಚೆಂಡು ಒಳಗೇ ಬಿದ್ದಿತ್ತು. ನಾನೂ ನೋಡ್ದೆ. ನೀನು ಸರಿಯಾಗೇ ಮಾಡಿದೆ.”

ಆಮೇಲೆ ಕದ ತೆರೆಯಿತು. ಫೌಸ್ತೋನ ಕಣ್ಣು ಕೆಂಪಾಗಿತ್ತು, ಶೂನಲ್ಲಿ ಇನ್ನೂ ಅದೇ ಪುಡಿ. ಅವನು ಅಣ್ಣನನ್ನು ನೋಡಿದ.

“ರ್‍ಯಾಕೆಟ್ ಇಳಿಸಿಕೊಡು. ನಿನಗಾದ್ರೆ ಎಟಕುತ್ತೆ. ನಾಳೆ ಅಭ್ಯಾಸಕ್ಕೆ ಜೊತೆಗೆ ಬಾ. ಆದ್ರೆ ಗೆಲ್ತೀಯಾ ಅಂತ ಮಾತ್ರ ಕೇಳ್ಬೇಡ.”

ಓದುತ್ತಿರುವ ಅಣ್ಣಾ, ಅಕ್ಕಾ, ಈಗ ನಿಮ್ಮ ಸರದಿ. ನಿಮ್ಮ ಮೊಬೈಲಿನಲ್ಲೂ ಯಾವನೋ ಒಬ್ಬ ಯಾರು ಬಲಶಾಲಿ, ಯಾರು ಗೆಲ್ಲುತ್ತಾನೆ ಎಂದು ಸಿಹಿಯಾಗಿ ವರ್ಣಿಸುತ್ತಿರಬಹುದು. ವರ್ಣನೆ ಕೇಳಿ, ತಪ್ಪಿಲ್ಲ. ಗ್ಯಾರಂಟಿ ಎಂದ ಕ್ಷಣ ಎದ್ದುಬಿಡಿ. ಗ್ಯಾರಂಟಿ ಇರುವುದು ಬೆಟ್ ಕಟ್ಟಿಸಿಕೊಳ್ಳುವವನಿಗೆ ಮಾತ್ರ. ಸೋತಿದ್ದರೆ ಮನೆಯವರಿಗೆ ಇಂದೇ ಹೇಳಿ, ಬಚ್ಚಿಟ್ಟರೆ ಬೆಳೆಯುತ್ತದೆ. ಸೋಲಿನ ಸಿಟ್ಟನ್ನು ಆಡಿದ ಹುಡುಗರ ಮೇಲೆ ಕಾರಬೇಡಿ. ಬೆಟ್ ಕಟ್ಟಿದವನು ಆಟ ನೋಡುವುದಿಲ್ಲ, ತನ್ನ ಮಗ ಎದುರಿಗೆ ನಿಂತರೂ ಅವನಿಗೆ ಕಾಣುವುದಿಲ್ಲ. ನೀವು ಕಣ್ಣು ಕಳೆದುಕೊಳ್ಳಬೇಡಿ. ಯಾರಾದರೂ ಕೆಣಕಿದರೆ ವಾದಕ್ಕೂ ನಿಲ್ಲಬೇಡಿ. ಸಿರೋ ನಿಲ್ಲಲಿಲ್ಲ.

ಮರುದಿನ ಅಣ್ಣತಮ್ಮಂದಿರು ಕ್ಯಾಂಟೀನಿನ ಮುಂದೆ ಹಾದುಹೋಗುವಾಗ ಬರ್ನಾಬೆ ಹೊರಗೆ ಓಡಿಬಂದ. ಆಚೀಚೆ ನೋಡಿ ದನಿ ತಗ್ಗಿಸಿದ.

“ಸಿರೋ, ಏ ಸಿರೋ! ನಿನ್ನೆಯದು ಮರೆತುಬಿಡಪ್ಪ. ಮುಂದಿನ ವಾರ ಯಾರು? ಚಿಲಿಯವನಾ? ನನ್ನ ಕಿವಿಗಷ್ಟೇ ಹೇಳು.”

ಮುಫಾನ ಹೆಸರನ್ನು ಬರ್ನಾಬೆಯ ಬಾಯೇ ಎತ್ತಿತ್ತು. ಒಳಗಿದ್ದವರೆಲ್ಲ ಕತ್ತು ಚಾಚಿದರು.

“ಹೇಳೋ! ಬಾಯಿ ಸೇದಿಹೋಯ್ತಾ? ಥೂ, ಮುಫಾ!”

ನದಿಗಾಳಿಗೆ ಕೆಂಪು ಪುಡಿ ಮೆಲ್ಲನೆ ಏಳುತ್ತಿತ್ತು. ಸಿರೋ ತಮ್ಮನ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು, ಚೆಂಡಿನ ಸದ್ದು ಬರುತ್ತಿದ್ದ ಕಡೆಗೆ ನಡೆದುಹೋದ.