ಲಿಖಿತಾಳ ಪರೀಕ್ಷೆಗೆ ಅಜ್ಜಿಯ ಕಾಪಿ

ತಿಪಟೂರಿನಲ್ಲಿ ಮಗುವಿಗೆ ಪರೀಕ್ಷೆ ಇದೆ ಎಂದು ಆಶಾ ಹೇಳಿದ್ದೇ ತಪ್ಪಾಯಿತು. ತಪಾಸಣೆ ಅಂದಿದ್ದರೆ ಅತ್ತೆ ಚಿಕ್ಕಗೌರಮ್ಮ ಸುಮ್ಮನಿರುತ್ತಿದ್ದರೋ ಏನೋ. ಪರೀಕ್ಷೆ ಅಂದ ಮೇಲೆ ಮೊಮ್ಮಗಳು ಪಾಸಾಗಬೇಡವೇ? ಶೆಟ್ಟಿಕೆರೆಯಲ್ಲಿ ಬಸ್ಸು ಹತ್ತಿದ್ದೇ ತಡ, ಪಾಠ ಶುರು.

"ಹೆಸರೇನು ಅಂತಾರೆ, ಲಿಖಿತಾ ಅನ್ನು. ಅನ್ನವ್ವ! ಮೂಗೆಲ್ಲಿ ಅಂತಾರೆ, ಮುಟ್ಟಿ ತೋರ್ಸು."

ನಾಲ್ಕು ವರ್ಷದ ಲಿಖಿತಾ ಬಸ್ಸಿನ ಕಿಟಕಿಯ ಕಂಬಿ ಮೂಸುತ್ತಿದ್ದಳು.

"ನೋಡ್ದೇನೇ ಆಶಾ, ಮನಸ್ನಾಗೇ ಓದ್ಕತಾವ್ಳೆ."

ಆಶಾಗೆ ನಗು ಬರಲಿಲ್ಲ. ಮಗಳು ಮಾತಾಡುವುದಿಲ್ಲ, ಕರೆದರೆ ತಿರುಗುವುದಿಲ್ಲ. ಯಾಕೆ ಎಂದರೆ ಊರಲ್ಲಿ ಉತ್ತರಕ್ಕೇನು ಬರವೇ! ನಾಲಿಗೆ ದಪ್ಪ, ದೃಷ್ಟಿ, ಬಸುರಿಯಾಗಿದ್ದಾಗ ತಾಯಿ ಮೊಬೈಲು ನೋಡಿದ್ದು. ಇವತ್ತು ಒಬ್ಬರಾದರೂ ನಿಜ ಹೇಳಿದರೆ ಸಾಕು, ಮುಂದೇನು ಮಾಡಬೇಕು ಅಂತಾದರೂ ತಿಳಿಯುತ್ತದೆ ಎಂದು ಅವಳು ಹೊರಟಿದ್ದಳು.

ತಿಪಟೂರಿನ ಆಸ್ಪತ್ರೆಯಲ್ಲಿ ಡಾಕ್ಟರ್ ಶಿಲ್ಪ ಚಾಪೆ ಹಾಸಿ, ಆಟದ ಸಾಮಾನು ಹರಡಿಕೊಂಡು ನೆಲದ ಮೇಲೇ ಕೂತಿದ್ದರು. ಲಿಖಿತಾ ಪುಟ್ಟ ಕಾರೊಂದನ್ನು ಬೋರಲು ಹಾಕಿ ಅದರ ಚಕ್ರ ತಿರುಗಿಸತೊಡಗಿದಳು. ಡಾಕ್ಟರು ಬೆನ್ನ ಹಿಂದಿನಿಂದ ಕರೆದರು. "ಲಿಖಿತಾ!"

ಇಲ್ಲ. ಮತ್ತೆ ಕರೆದರು. ಇಲ್ಲ. ಮೂರನೇ ಸಲ ಹುಡುಗಿ ಗಕ್ಕನೆ ತಿರುಗಿದಳು. ಡಾಕ್ಟರ ಹುಬ್ಬು ಮೇಲೇರಿತು.

ಆದರೆ ಆಶಾಳ ಕಿವಿಗೆ ಇನ್ನೊಂದು ಸದ್ದು ಬಿದ್ದಿತ್ತು. ಲೊಡಲೊಡ! ಅತ್ತೆಯ ಸೆರಗು ಅಲ್ಲಾಡುತ್ತಿತ್ತು.

"ಡಾಕ್ಟ್ರೇ, ನಮ್ಮತ್ತೆ ಕಾಪಿ ಹೊಡಿಸ್ತಾವ್ರೆ!"

"ಅಯ್ಯೋ ಚಾಡಿಕೋರಿ! ಸ್ವಂತ ಮಗಳನ್ನೇ ಫೇಲ್ ಮಾಡುಸ್ತೀಯಲ್ಲೇ?"

ಸೆರಗಿನಡಿಯಿಂದ ಹೊರಬಂದದ್ದು ಸುಲಿದ ಒಣ ತೆಂಗಿನಕಾಯಿ. ಅಟ್ಟದ ಮೇಲೆ ವರ್ಷ ಕಳೆದು ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿತ್ತು. ಡಾಕ್ಟರು ಬೈಯಲಿಲ್ಲ. ಅದನ್ನು ಕೈಯಲ್ಲಿ ಹಿಡಿದು ತಾವೂ ಅಲ್ಲಾಡಿಸಿ ನೋಡಿದರು.

"ಇದಕ್ಕೆ ಯಾವಾಗಲೂ ತಿರುಗ್ತಾಳಾ ಅಜ್ಜಿ?"

"ಎಷ್ಟು ದೂರ ಇದ್ರೂ ಓಡ್ಬತ್ತಾಳೆ ಕಣವ್ವ. ಕಾಯಿ ಎಲ್ಲಾನೂ ಸಾಲಾಗಿ ಜೋಡುಸ್ತಾಳೆ. ಒಂದು ಆಚೀಚೆ ಆದ್ರೂ ಊರು ಎದ್ದೇಳೋ ಹಂಗೆ ಕಿರುಚ್ತಾಳೆ. ಬೇಕು ಅಂತ ಬಾಯಿಬುಟ್ಟು ಕೇಳಾಕಿಲ್ಲ. ನನ್ನ ಕೈ ಹಿಡ್ದು ಕಾಯಿ ಕೀಳೋ ದೋಟಿ ಮಾಡ್ಕಂಡು ಅಟ್ಟುಕ್ಕೆ ಚಾಚ್ತಾಳೆ. ಎಂಥ ಬುದ್ಧಿ ಅಂತೀರಾ!"

ಅಜ್ಜಿ ಹೊಗಳುತ್ತಾ ಹೋದರು, ಡಾಕ್ಟರು ಬರೆಯುತ್ತಾ ಹೋದರು. ಮಧ್ಯಾಹ್ನದವರೆಗೂ ಆಡಿಸಿ, ಆಶಾಳನ್ನೂ ಕೇಳಿ, ಕೊನೆಗೆ ಹೇಳಿದರು. "ಇದು ಆಟಿಸಂ. ಯಾರ ತಪ್ಪೂ ಅಲ್ಲ. ಮೊಬೈಲಿಂದಲೂ ಬಂದಿಲ್ಲ, ದೃಷ್ಟಿಯಿಂದಲೂ ಬಂದಿಲ್ಲ. ಅವಳು ಕಲಿಯೋ ರೀತಿನೇ ಬೇರೆ."

ಆಶಾ ಅತ್ತಳು. ಅಳು ಬಂದರೂ ಎದೆಯ ಮೇಲಿನ ಚಪ್ಪಡಿ ಇಳಿದಂತಾಯಿತು.

"ಪಾಸೋ ಫೇಲೋ ಅಷ್ಟು ಹೇಳವ್ವ" ಎಂದರು ಅಜ್ಜಿ.

"ಇದರಲ್ಲಿ ಪಾಸು, ಫೇಲು ಇಲ್ಲ."

"ಮತ್ತಿದ್ಯಾವ ಸೀಮೆ ಪರೀಕ್ಷೆ!"

ಡಾಕ್ಟರು ನಕ್ಕು ಹೋಂವರ್ಕ್ ಕೊಟ್ಟರು. ಕೇಳುವ ಮುಂಚೆಯೇ ಕಾಯಿ ಕೊಡಬಾರದು. ಒಂದು ಸದ್ದೋ, ಒಂದು ನೋಟವೋ ಬರುವ ತನಕ ಕಾಯಬೇಕು.

ವಾಪಸು ಬಸ್ಸಿನಲ್ಲಿ ಲಿಖಿತಾ ಅಜ್ಜಿಯ ಕೈ ಹಿಡಿದು ಚೀಲದತ್ತ ಎಳೆದಳು. ಚಿಕ್ಕಗೌರಮ್ಮ ಕಾಯಿ ತೆಗೆದರು, ಕೊಡಲಿಲ್ಲ. ಹುಡುಗಿ ಕೊಸರಾಡಿದಳು. ಆದರೂ ಅಜ್ಜಿ ಕೊಡಲಿಲ್ಲ. ಮೆಲ್ಲಗೆ ಕಾಯಿಯನ್ನು ತಮ್ಮ ಮೂಗಿನ ಪಕ್ಕ ಹಿಡಿದರು.

"ನೋಡುದ್ಲು ಕಣೇ! ನನ್ನ ಕಣ್ಣನ್ನೇ ನೋಡುದ್ಲು!"

"ಕಾಯಿ ಕಣ್ಣು ನೋಡಿರ್ತಾಳೆ, ಅತ್ತೆ."

"ಅದುಕ್ಕೆ ಮೂರು ಕಣ್ಣವೆ, ನಂಗೆರಡು. ಐದ್ರಲ್ಲಿ ಯಾವ್ದುನ್ನೋ ನೋಡುದ್ಲು ಬುಡು."

"ಇದ್ರಲ್ಲೂ ಕಾಪಿನಾ!" ಎಂದು ಆಶಾ ಕೊನೆಗೂ ನಕ್ಕಳು. ಅಷ್ಟರಲ್ಲಿ ಕಾಯಿ ಮೊಮ್ಮಗಳ ಮಡಿಲಲ್ಲಿ ಲೊಡಲೊಡ ಎನ್ನುತ್ತಿತ್ತು.